ತಂಗಿ ಒಪ್ಪಿಕೊಂಡ ಒಂದೇ ಫೋಟೋ

ನನ್ನ ತಂಗಿ ಒಂದು ಫೋಟೋಕ್ಕೆ ಒಪ್ಪಿಕೊಂಡಿದ್ದಳು. ಒಂದಕ್ಕೆ ಮಾತ್ರ. ಅದೂ ಮೊಬೈಲಿನಲ್ಲಲ್ಲ, ನಮ್ಮ ಅಪ್ಪನ ಹಳೇ ಕ್ಯಾಮೆರಾದಲ್ಲಿ, ನಾನೇ ತೆಗೆಯುವುದಾದರೆ. ಅದರ ಮರುದಿನ ಬೆಳಿಗ್ಗೆ ಅವಳು ದಿಗ್ಗೇವಾಡಿಯ ಗಂಡನ ಮನೆಯನ್ನು ಬಿಟ್ಟು, ಅಥಣಿ ಕಡೆಯ ಒಂದು ಊರಿನಲ್ಲಿ ತಂಗಿದ್ದ ಜೈನ ಮುನಿಗಳ ಸಂಘವನ್ನು ಸೇರುವವಳಿದ್ದಳು. ಅಲ್ಲಿ ದೀಕ್ಷೆ. ತಲೆಗೂದಲನ್ನು ಕೈಯಿಂದಲೇ ಕಿತ್ತು ತೆಗೆಯುತ್ತಾರೆ. ಬಿಳಿ ಸೀರೆ, ನವಿಲುಗರಿಯ ಪಿಂಛಿ, ಹೊಸ ಹೆಸರು. ಆಮೇಲೆ ಅವಳು ನನ್ನ ತಂಗಿಯಲ್ಲ, ಮಾತಾಜಿ. ಅಕ್ಕನಾದ ನಾನೂ ಎಲ್ಲರ ಹಾಗೆ ದೂರ ನಿಂತು ಕೈಮುಗಿಯಬೇಕು.

ಫೋಟೋ ಅಂದರೆ ಅವಳಿಗೆ ಅಷ್ಟಕ್ಕಷ್ಟೆ. ದೀಕ್ಷೆಯ ಸುದ್ದಿ ಹಬ್ಬಿದ ಕೂಡಲೇ ಊರಿನ ನಾಲ್ಕು ಜನ ಬಂದು ಬಸ್‌ಸ್ಟ್ಯಾಂಡಿನಲ್ಲಿ ದೊಡ್ಡ ಫ್ಲೆಕ್ಸ್ ಹಾಕುತ್ತೇವೆ ಎಂದಿದ್ದರಂತೆ. "ಬಿಟ್ಟ ಹೊಂಟಾಕಿ ಮಾರಿ ಕಂಬಕ್ಕ ಕಟ್ಟಿ ಏನ್ ಮಾಡ್ತೀರಪಾ? ಮಳಿ ಬಂದ್ರ ಅದನ್ನ ಒಯ್ದು ಎಮ್ಮಿ ಮ್ಯಾಲ ಹೊಚ್ಚತೀರಿ," ಎಂದು ಚಹಾ ಕುಡಿಸಿ ಕಳಿಸಿದ್ದಳು.

ಆಮೇಲೆ ಅವಳ ಮಗ ನಿಪ್ಪಾಣಿಯಲ್ಲಿದ್ದ ನನಗೆ ಫೋನ್ ಮಾಡಿದ. ತಾಯಿಯ ಅಕ್ಕನಾದ ನನ್ನನ್ನು ಅವನು ನಮ್ಮ ಕಡೆಯ ರೂಢಿಯಂತೆ ಮಾವಶಿ ಎನ್ನುತ್ತಾನೆ.

"ಮಾವಶಿ, ಅವ್ವನ್ನ ನಾ ತಡ್ಯಾಕತ್ತಿಲ್ರಿ. ಹೋಗ್ಲಿ. ಆದ್ರ ಮನ್ಯಾಗ ಆಕಿದೊಂದು ಫೋಟೋ ಇಲ್ಲ. ಆಧಾರ್ ಕಾರ್ಡಿಂದ ಒಂದ ಐತಿ, ಅದರಾಗ ಯಾರದೋ ಕೋಳಿ ಕದ್ದ ಸಿಕ್ಕಾಕಿ ಹಂಗ ಕಾಣತಾಳ. ನನ್ನ ಮಾತ ಕೇಳೂದಿಲ್ಲ. ನೀವ ಹೇಳ್ರಿ."

ಅವನು ಹೇಳಿದ್ದು ನಿಜವಾಗಿತ್ತು. ಅಪ್ಪ ತೆಗೆದ ಫೋಟೋಗಳಲ್ಲಿ ನಾನಿದ್ದೇನೆ, ಅಮ್ಮ ಇದ್ದಾಳೆ, ನಮ್ಮ ತಂಬಾಕಿನ ವಖಾರವಿದೆ, ಆಳುಗಳಿದ್ದಾರೆ, ಎತ್ತುಗಳೂ ಇವೆ. ತಂಗಿ ಇಲ್ಲ. ಕ್ಯಾಮೆರಾದ ಕೇಸ್ ಹಿಡಿದುಕೊಂಡು ಅಪ್ಪನ ಬೆನ್ನ ಹಿಂದೆ ನಿಲ್ಲುವುದು ಅವಳ ಕೆಲಸವಾಗಿತ್ತು. ಆ ಕೆಲಸ ಅವಳಿಗೆ ಎಷ್ಟು ಇಷ್ಟವಿತ್ತೆಂದರೆ, ಮುಂದೆ ಬಾ ಎಂದರೆ ಅಳುತ್ತಿದ್ದಳು. ಮದುವೆಯ ಆಲ್ಬಮ್ ಒಂದಿತ್ತು. ಕೃಷ್ಣೆ ಉಕ್ಕಿ ದಿಗ್ಗೇವಾಡಿಯ ಮನೆಯೊಳಗೆ ನುಗ್ಗಿದ ವರ್ಷ ಅದು ಟ್ರಂಕಿನೊಳಗೇ ನೆನೆದು ಒಂದು ಇಟ್ಟಿಗೆಯಂತಾಯಿತು.

ನಾನು ತಂಗಿಗೆ ಫೋನ್ ಮಾಡಿದೆ.

"ಮೊಬೈಲ್‌ನಾಗ ತಗದ್ರ ಅದು ಯಾರ್ ಯಾರ ಕಡೆ ಹೋಗತೈತಿ, ಎಲ್ಲಿ ಕುಂದರತೈತಿ, ಗೊತ್ತಾಗೂದಿಲ್ಲ ಅಕ್ಕಾ. ಬ್ಯಾಡ."

"ಅಪ್ಪನ ಕ್ಯಾಮೆರಾದಾಗ ತಗೀತೀನಿ. ಒಂದ ಫೋಟೋ, ಒಂದ ಪ್ರಿಂಟ್. ನಿನ್ನ ಮಗನ ಕೈಯಾಗ ಕೊಡತೀನಿ."

"ಅದು ಇನ್ನಾ ಐತೇನು? ಕೇಸು?"

"ಕೇಸೂ ಐತಿ."

"ತೊಗಲಿಂದದು. ಈಗ ನಾ ಮುಟ್ಟೂಹಂಗಿಲ್ಲ. ಅದನ್ನ ಮನ್ಯಾಗ ಬಿಡು, ಕ್ಯಾಮೆರಾ ಅಷ್ಟ ತಾ. ಉಡಿ ತುಂಬೂ ದಿನ ಬಾ. ಆದ್ರ ಸಂಜಿ ಸಾಮಾಯಿಕಕ್ಕ ಕುಂದ್ರೂಕಿಂತ ಮೊದಲ ಮುಗಸಬೇಕು."

ಸಾಮಾಯಿಕ ಎಂದರೆ ಹೊತ್ತು ಮುಳುಗುವಾಗಿನ ಅವಳ ಧ್ಯಾನ. ಅದಕ್ಕೆ ಕೂತಳೆಂದರೆ ಮನೆಗೆ ಬೆಂಕಿ ಬಿದ್ದರೂ ಏಳುವವಳಲ್ಲ.

ಆ ಕ್ಯಾಮೆರಾ ನನ್ನ ಕೈಗೆ ಮತ್ತೆ ಬಂದದ್ದು ಎರಡು ವರ್ಷದ ಹಿಂದೆ, ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ. ಕ್ಯಾಟರ್‌ಯಾಕ್ಟ್ ಆಪರೇಷನ್ ಆದವರಿಗೆ ಒಂದು ಹುಚ್ಚು ಹಿಡಿಯುತ್ತದೆ, ಎಲ್ಲವನ್ನೂ ಹೊಸದಾಗಿ ನೋಡುವ ಹುಚ್ಚು. ನನಗೆ ಬಾಗಿಲ ಚಿಲಕ ಚೆಂದ ಕಂಡಿತು, ಕೊತ್ತಂಬರಿ ಚೆಂದ ಕಂಡಿತು. ಮೊಬೈಲಿನಲ್ಲಿ ಎಲ್ಲವನ್ನೂ ಹೊಡೆದುಕೊಂಡೆ. ಆಮೇಲೆ ಒಂದನ್ನೂ ತಿರುಗಿ ನೋಡಲಿಲ್ಲ. ಆಗ ಅಪ್ಪನ ಬೀರುವಿನಿಂದ ಇದನ್ನು ಇಳಿಸಿದೆ. ಡಬ್ಬಿಯಂಥ ಕ್ಯಾಮೆರಾ, ಮುಂದೆ ಮೇಲೊಂದು ಕೆಳಗೊಂದು ಎರಡು ಕಣ್ಣು. ಕೇಸ್ ತೆಗೆದರೆ ಇನ್ನೂ ತಂಬಾಕಿನ ಘಾಟು.

ಇದನ್ನು ಮುಖಕ್ಕೆ ಹಿಡಿಯುವುದಿಲ್ಲ. ಹೊಟ್ಟೆಯ ಹತ್ತಿರ ಹಿಡಿದು, ಮೇಲಿನ ಹುಡ್ ತೆರೆದು, ತಲೆ ಬಾಗಿಸಿ ಒಳಗೆ ನೋಡಬೇಕು. ಒಳಗೊಂದು ಮಸುಕು ಗಾಜು. ಎದುರಿನ ಲೋಕ ಅದರ ಮೇಲೆ ಬಂದು ಕೂತಿರುತ್ತದೆ, ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ನಿಮ್ಮ ಮುಂದೆ ನಿಂತವರಿಗೆ ಕಾಣುವುದು ನಿಮ್ಮ ಕಣ್ಣಲ್ಲ, ನೆತ್ತಿ. ಬೆಳಗಾವಿಯ ಕಾನ್ವೆಂಟಿನ ಚಾಪೆಲ್‌ನಲ್ಲಿ ತಲೆ ಬಾಗಿಸಿ ಕೂರುವುದು ಅಭ್ಯಾಸವಾದ ನನಗೆ ಈ ಪೋಸ್ಚರ್ ಕೂಡಲೇ ಒಗ್ಗಿತು. ಒಂದು ರೋಲಿಗೆ ಹನ್ನೆರಡೇ ಚಿತ್ರ. ಒಂದು ತೆಗೆಯುವ ಮೊದಲು ನಾಲ್ಕು ಸಲ ಬೇಡ ಅನ್ನಿಸುತ್ತದೆ. ತೆಗೆದ ಮೇಲೆ ನೋಡಲು ಸಿಗುವುದಿಲ್ಲ. ಕೊಲ್ಲಾಪುರದ ಲ್ಯಾಬಿಗೆ ಕಳಿಸಿ ಕಾಯಬೇಕು. ಈ ವಯಸ್ಸಿನಲ್ಲಿ ನಾನು ಕಾಯುವುದು ಇನ್ನೇನನ್ನು? ಬ್ಲಡ್ ರಿಪೋರ್ಟು. ಅದರ ಬದಲು ಇದು ಎಷ್ಟೋ ವಾಸಿ. ಫಿಲ್ಮು ಬಿಸಿಲಿಗೆ ಕೆಡಬಾರದೆಂದು ಫ್ರಿಜ್ಜಿನಲ್ಲಿ, ಮೊಸರಿನ ಪಕ್ಕ ಇಡತೊಡಗಿದೆ. ಅದರೊಳಗೆ ಏನಿದೆ ಎಂದು ಒಮ್ಮೆಯೂ ಕೇಳಿಕೊಂಡವಳಲ್ಲ.

ಉಡಿ ತುಂಬುವ ಹಿಂದಿನ ವಾರ ಹೊಸ ಫಿಲ್ಮು ತರಲು ಕೊಲ್ಲಾಪುರಕ್ಕೆ ಹೋದೆ. ಜತೆಗೆ, ತಂಗಿಯ ಮಗನಿಂದ ತರಿಸಿಕೊಂಡಿದ್ದ ಆ ನೆನೆದ ಆಲ್ಬಮನ್ನೂ ಒಯ್ದಿದ್ದೆ. ಲ್ಯಾಬಿನವನು ನಮ್ಮ ಗಡಿಯ ಕಡೆಯವನೇ, ಕನ್ನಡ ಮರಾಠಿ ಎರಡೂ ಕಲಸಿ ಮಾತಾಡುತ್ತಾನೆ. ಆಲ್ಬಮಿನ ಅಂಚನ್ನು ಉಗುರಿನಿಂದ ಎಬ್ಬಿಸಿ ನೋಡಿ ಕೆಳಗಿಟ್ಟ.

"ಹೋತ್ರಿ ಮ್ಯಾಡಮ್. ನೀರಾಗ ಜಿಲೆಟಿನ್ ಕರಗಿ ಒಂದಕ್ಕೊಂದು ಹತ್ತಿಬಿಟ್ಟೇತಿ. ಬಿಡಸಾಕ ಹೋದ್ರ ಮಾರಿ ಕಿತ್ತ ಬರತಾವ."

"ಯಾವ ಜಿಲೆಟಿನ್?"

"ಫೋಟೋದ್ದರಿ. ಫಿಲ್ಮ್ ಆಗ್ಲಿ, ಪ್ರಿಂಟಿನ ಪೇಪರ್ ಆಗ್ಲಿ, ಚಿತ್ರ ನಿಂದ್ರೂದು ಅದರ ಮ್ಯಾಲೇ. ದನದ ಎಲಬು, ತೊಗಲು ಕುದಿಸಿ ತಗೀತಾರಲ್ರಿ, ಆ ಅಂಟು." ಹೇಳುತ್ತಲೇ ನನ್ನ ಎರಡು ರೋಲುಗಳನ್ನು ಕವರಿಗೆ ಹಾಕಿ ಕೊಟ್ಟ.

ಜಿಲೆಟಿನ್ ಎಂಬ ಪದ ನನಗೆ ಹೊಸದಲ್ಲ. ಕಾನ್ವೆಂಟಿನ ಬೋರ್ಡಿಂಗಿಗೆ ಸೇರಿದ ಮೊದಲ ವರ್ಷ, ಒಂದು ಫೀಸ್ಟ್ ಡೇ ದಿನ, ಊಟದ ಕೊನೆಗೆ ಕೆಂಪು ಜೆಲ್ಲಿ ಕೊಟ್ಟಿದ್ದರು. ಮೊಟ್ಟೆ ಇಲ್ಲ, ಮಾಂಸ ಇಲ್ಲ, ಬರೇ ಬಣ್ಣದ ನೀರು ಗಟ್ಟಿಯಾದ ಹಾಗೆ, ಪಿಂಗಾಣಿ ಬಟ್ಟಲಲ್ಲಿ ನಡುಗುತ್ತಿತ್ತು. ತಿಂದೆ. ರಜೆಗೆ ಬಂದಾಗ ಅದು ಹೇಗೆ ಕುಣಿಯುತ್ತಿತ್ತೆಂದು ಮನೆಯವರ ಮುಂದೆ ಸೊಂಟ ಅಲ್ಲಾಡಿಸಿ ತೋರಿಸಿದೆ. ತಂಬಾಕಿನ ವ್ಯಾಪಾರಕ್ಕೆ ಮುಂಬಯಿ ಓಡಾಡಿದ್ದ ಅಪ್ಪನಿಗೆ ಅದು ಯಾತರಿಂದ ಆಗುತ್ತದೆಂದು ಗೊತ್ತಿತ್ತು. ಅವರು ಮೆಲ್ಲಗೆ ಅಜ್ಜಿಗೆ ಹೇಳಿದರು. ಅಜ್ಜಿ ಬೈಯಲಿಲ್ಲ. ನನಗೊಂದು ದಿನದ ಉಪವಾಸ ಹಾಕಿ ತಾನೂ ಜತೆಗೆ ಕೂತಳು. ಆಗ ಇನ್ನೂ ಹಾಲುಹಲ್ಲಿದ್ದ ತಂಗಿ, ಜೆಲ್ಲಿಯನ್ನು ಕಂಡೂ ಇಲ್ಲದವಳು, ತನ್ನ ತಾಟನ್ನು ದೂಡಿ ನನ್ನ ಪಕ್ಕ ಬಂದು ಕೂತಳು. ಆ ಜೆಲ್ಲಿಯ ದೆಸೆಯಿಂದಲೇ ಅವಳನ್ನು ಕಾನ್ವೆಂಟಿಗೆ ಕಳಿಸಲಿಲ್ಲ. ನಾನು ಇಂಗ್ಲಿಷ್ ಕಲಿತೆ, ಅವಳು ಹದಿನೆಂಟಕ್ಕೆ ದಿಗ್ಗೇವಾಡಿಯ ಕಬ್ಬಿನ ಹೊಲಗಳ ನಡುವೆ ಮದುವೆಯಾಗಿ ಹೋದಳು.

ಕವರನ್ನು ಪರ್ಸಿನಲ್ಲಿಟ್ಟುಕೊಂಡು ಬಸ್ಸಿನಲ್ಲಿ ನಿಪ್ಪಾಣಿಗೆ ಬರುವಾಗ ಅದೇ ಲೆಕ್ಕ ಹಾಕುತ್ತಿದ್ದೆ. ಹೇಳಿದರೆ ಫೋಟೋ ಇಲ್ಲ. ಇನ್ನೆಂದೂ ಇಲ್ಲ. ಹೇಳದಿದ್ದರೆ, ಒಂದು ಇರುವೆಯನ್ನೂ ತುಳಿಯದೆ ನಡೆಯಲು ಕಲಿತವಳ ಕಡೆಯ ಚಿತ್ರವನ್ನು ದನದ ಎಲುಬಿನ ಅಂಟಿನ ಮೇಲೆ ಹಿಡಿದಿಟ್ಟ ಹಾಗೆ. ಮಾರಲ್ ಸೈನ್ಸ್ ಕ್ಲಾಸಿನಲ್ಲಿ ನಮಗೆ ಕಲಿಸಿದ್ದರು, ಮಾಡಿದ್ದಷ್ಟೇ ಪಾಪವಲ್ಲ, ಸುಮ್ಮನಿದ್ದದ್ದೂ ಪಾಪ, ಸಿನ್ ಆಫ್ ಒಮಿಷನ್. ಆಗ ಅದು ಪರೀಕ್ಷೆಗೆ ಬರೆಯುವ ಉತ್ತರವಾಗಿತ್ತು.

ಉಡಿ ತುಂಬುವ ದಿನ ನನ್ನ ಸೊಸೆ ಕಾರು ಓಡಿಸಿದಳು. ಮಧ್ಯಾಹ್ನ ಊಟ ಮುಗಿಸಿ ಹೊರಟೆವು. ಚಿಕ್ಕೋಡಿ ದಾಟುವವರೆಗೆ ಎಲ್ಲ ಸರಿಯಿತ್ತು. ಕಬ್ಬೂರು ಇನ್ನೂ ದೂರವಿರುವಾಗಲೇ ಕಬ್ಬಿನ ಟ್ರ್ಯಾಕ್ಟರುಗಳು ಸಿಕ್ಕವು, ಒಂದಕ್ಕೆ ಎರಡೆರಡು ಟ್ರೇಲರು, ಒಂದರ ಹಿಂದೊಂದು. ಓವರ್‌ಟೇಕ್ ಮಾಡಲು ಜಾಗವಿಲ್ಲ. ಟ್ರೇಲರಿನಿಂದ ಜೋತುಬಿದ್ದ ಕಬ್ಬಿನ ಗರಿ ನಮ್ಮ ಗಾಜನ್ನು ಸವರುತ್ತಿತ್ತು. ನಾನು ಮಡಿಲಲ್ಲಿ ಪಂಚೆಯ ತುಂಡಿನಲ್ಲಿ ಸುತ್ತಿದ ಕ್ಯಾಮೆರಾ ಹಿಡಿದು, ಸೂರ್ಯ ಎಲ್ಲಿದ್ದಾನೆಂದು ಮತ್ತೆ ಮತ್ತೆ ಬಗ್ಗಿ ನೋಡುತ್ತಿದ್ದೆ.

"ಅತ್ತಿ, ಯಾಕ ಹಂಗ ಚಡಪಡಸಾಕತ್ತೀರಿ? ಮುಟ್ಟತೀವ್ರಿ."

ನಾನು ಅವಳಿಗೆ ಹೇಳಿದೆ. ಫಿಲ್ಮಿನಲ್ಲಿ ಏನಿದೆ ಅಂತ. ಅವಳು ಗೇರು ಬದಲಿಸಿದಳು.

"ಅವರು ಕೇಳಿದ್ರ ಹೇಳ್ರಿ. ಕೇಳಲಿಲ್ಲಂದ್ರ ಹೇಳಬ್ಯಾಡ್ರಿ."

"ಆಕಿ ಎಲ್ಲಾದ್ದಕ್ಕೂ ಕೇಳ್ತಾಳ."

"ಹಂಗಾರ ಕೇಳೇ ಕೇಳ್ತಾರ. ನೀವ್ಯಾಕ ಮೊದಲ ಹೇಳಿ ಕೆಟ್ಟಾಗತೀರಿ?"

ಅದು ನನಗೆ ಸಮಾಧಾನ ಕೊಟ್ಟಿತು. ಕೇಳಲಿ, ಅವಳೇ ಕೇಳಲಿ. ಆಗ ಹೇಳುವುದು ನನ್ನ ಕೈಯಲ್ಲಿ ಇರುವುದಿಲ್ಲ.

ನಾವು ಮುಟ್ಟಿದಾಗ ಉಡಿ ತುಂಬುವ ಶಾಸ್ತ್ರ ಮುಗಿಯುತ್ತ ಬಂದಿತ್ತು. ಹೆಂಗಸರು ಚಪ್ಪಲಿ ಹುಡುಕುತ್ತಿದ್ದರು. ಗಂಡ ತೀರಿಕೊಂಡ ಮೇಲೆ ನನ್ನ ತಂಗಿಯ ಉಡಿಯನ್ನು ಯಾರೂ ತುಂಬಿರಲಿಲ್ಲ, ನಮ್ಮಲ್ಲಿ ತುಂಬುವುದಿಲ್ಲ. ದೀಕ್ಷೆಗೆ ಹೊರಟವಳಿಗೆ ಮಾತ್ರ ಆ ಕಟ್ಟು ಇಲ್ಲ. ಅವಳು ಹಸಿರು ಅಂಚಿನ ನೂಲಿನ ಸೀರೆ ಉಟ್ಟು, ಮಡಿಲ ತುಂಬ ಅಕ್ಕಿ, ಕೊಬ್ಬರಿ, ಉತ್ತತ್ತಿ ಹೊತ್ತು ಅಂಗಳದ ಕಟ್ಟೆಯ ಮೇಲೆ ಕೂತಿದ್ದಳು. ಬಿಳಿ ಕೂದಲನ್ನು ಯಾರೋ ಬಿಗಿಯಾಗಿ ಹೆಣೆದು ಸೇವಂತಿಗೆ ಮುಡಿಸಲು ಹೋಗಿದ್ದರು, ಅವಳು ಹೂ ಬೇಡವೆಂದು ಪಕ್ಕಕ್ಕಿಟ್ಟಿದ್ದಳು. ಗೋಡೆಗೆ ಒರಗಿ ಅವಳ ಮಗ ನಿಂತಿದ್ದ. ಒಳಗೆ ಪಡಸಾಲೆಯ ಗೋಡೆಯಲ್ಲಿ ಹೊಸ ಮೊಳೆ ಹೊಳೆಯುತ್ತಿತ್ತು. ಫೋಟೋ ಬರುವ ಮೊದಲೇ ಅವನು ಮೊಳೆ ಹೊಡೆದಿದ್ದ.

ಸೊಸೆ ಸಿಹಿಯ ಡಬ್ಬಿ ಮುಂದಿಟ್ಟಳು. ತಂಗಿ ಮುಚ್ಚಳ ತೆರೆದು ಬರ್ಫಿಯ ಮೇಲಿನ ಬೆಳ್ಳಿಯ ವರಕನ್ನು ನೋಡಿ ಮೆಲ್ಲಗೆ ಮುಚ್ಚಿದಳು.

"ತಪ್ಪ ತಿಳಕೋಬ್ಯಾಡವಾ. ಬೆಳ್ಳಿ ಹಾಳಿ ಬಡಿಯೂದು ದನದ ಕರಳಿನ ಪದರದಾಗ ಇಟ್ಟ. ಎಲ್ಲಾ ಕಡೆ ಅಲ್ಲ ಅಂತಾರ. ಗೊತ್ತಿಲ್ದಿದ್ರ ಬಿಡೂದು ಚೊಲೊ."

ನಾನು ತಂದಿದ್ದ ಶಾಲನ್ನು ಬೆರಳಿನಿಂದ ತಿಕ್ಕಿ ನೋಡಿದಳು. "ರೇಷ್ಮಿ ಅಲ್ಲಲ್ಲ?"

"ಕಾಟನ್."

"ಹಂಗಾರ ನನ್ನ ಸೊಸಿಗೆ ಕೊಡತೀನಿ."

ಆಮೇಲೆ ಪಂಚೆ ಬಿಚ್ಚಿ ಕ್ಯಾಮೆರಾ ಹೊರಗೆ ತೆಗೆದೆ. ಅವಳು ಕೈ ಚಾಚಿ ತಟ್ಟನೆ ನಿಲ್ಲಿಸಿದಳು.

"ಮ್ಯಾಲಿಂದ ಕರೀದು?"

"ಅದು ರೆಗ್ಜಿನ್. ತೊಗಲಲ್ಲ."

ತೆಗೆದುಕೊಂಡಳು. ಎರಡೂ ಕೈಯಲ್ಲಿ ಹಿಡಿದು ಮುಂದಿನ ಎರಡು ಕಣ್ಣುಗಳನ್ನು, ಹಿಂದಿನ ಕೆಂಪು ಗಾಜಿನ ಕಿಟಕಿಯನ್ನು ನೋಡಿದಳು. ನಾನು ಕಾಯುತ್ತಿದ್ದೆ. ಬೆಳಿಗ್ಗೆಯೇ ಫಿಲ್ಮು ತುಂಬಿಸಿದ್ದೆ. ಕೆಂಪು ಕಿಟಕಿಯಲ್ಲಿ ಒಂದು ಎಂಬ ಅಂಕಿ ಕಾಣುತ್ತಿತ್ತು. ಈಗ ಕೇಳುತ್ತಾಳೆ, ಇದರಾಗ ಏನ್ ಹಾಕೀದಿ ಎಂದು ಈಗ ಕೇಳುತ್ತಾಳೆ. ಸೊಸೆ ನನ್ನ ಕಡೆ ನೋಡಿದಳು.

ತಂಗಿ ಕ್ಯಾಮೆರಾವನ್ನು ನನ್ನ ಕೈಗೆ ಕೊಟ್ಟಳು. "ಒಳಗಿಂದು ನೀ ನೋಡ್ಕೊಂಡಿರತಿ," ಎಂದಳು, ಮತ್ತು ಸೆರಗು ಸರಿಮಾಡಿಕೊಂಡು ನೇರವಾಗಿ ಕೂತಳು.

ಕೇಳಲಿಲ್ಲ.

ಸ್ಟ್ಯಾಂಡ್ ನಿಲ್ಲಿಸಿ ಕ್ಯಾಮೆರಾ ಕೂರಿಸಿದೆ. ಬಿಸಿಲು ಆಗಲೇ ಗೋಡೆಯ ಅರ್ಧಕ್ಕೆ ಏರಿತ್ತು, ಕಟ್ಟೆ ನೆರಳಿಗೆ ಹೋಗಿತ್ತು. ಬೆಳಕು ಅಳೆಯಲು ಮೊಬೈಲ್ ಹಿಡಿದರೆ ಅದರಲ್ಲಿ ಅಂಕಿಗಳು ಇಳಿಯುತ್ತ ಹೋಗುತ್ತಿದ್ದವು. "ಲಗೂನ ಮಾವಶಿ," ಎಂದ ಅವಳ ಮಗ. ನಾನು ಹುಡ್ ತೆರೆದು ಬಾಗಿದೆ.

ಮಸುಕು ಗಾಜಿನಲ್ಲಿ ಮೊದಲು ಹಸಿರು ಅಂಚು ಸಿಕ್ಕಿತು. ಗುಂಡಿ ತಿರುಗಿಸಿದ ಹಾಗೆ ಕುತ್ತಿಗೆ, ಗದ್ದ, ಆಮೇಲೆ ಮುಖ. ಎಷ್ಟೋ ವರ್ಷಗಳಿಂದ ನಾನು ಅವಳ ಮುಖವನ್ನು ಹೀಗೆ ನೋಡಿರಲಿಲ್ಲ. ಬಂದಾಗ ಚಹಾ, ಹೋಗುವಾಗ ಚೀಲ, ನಡುವೆ ಎಲ್ಲಿಯ ನೋಡುವುದು. ಅಮ್ಮನ ಹಣೆ. ಅಪ್ಪನ ಮುಂದಿನ ಹಲ್ಲು. ಎಡಗಣ್ಣು ಸ್ವಲ್ಪ ಸಣ್ಣದು. ಗಾಜಿನಲ್ಲಿ ಅದು ಬಲಗಣ್ಣಾಗಿತ್ತು. ನನ್ನ ಬೆರಳು ಷಟರಿನ ಮೇಲಿತ್ತು. ಒತ್ತಿದರೆ ಮುಗಿಯಿತು. ಅವಳು ನಾಳೆ ಹೋಗುತ್ತಾಳೆ, ಅವಳಿಗೆ ತಿಳಿಯುವುದೇ ಇಲ್ಲ, ಮೊಳೆಗೆ ಫೋಟೋ ಬರುತ್ತದೆ, ನನ್ನ ಹತ್ತಿರ ನೆಗೆಟಿವ್ ಉಳಿಯುತ್ತದೆ. ನನಗೂ ಬೇಕಿತ್ತು ಅದು. ಮಗನಿಗಿಂತ ಹೆಚ್ಚು ನನಗೇ ಬೇಕಿತ್ತೇನೋ.

"ಅಕ್ಕಾ, ಉಸರ ಹಿಡೀಲೇನು?" ಎಂದಳು ತಂಗಿ. ಫೋಟೋ ತೆಗೆಯುವಾಗ ಅಪ್ಪ ಎಲ್ಲರಿಗೂ ಹೇಳುತ್ತಿದ್ದ ಮಾತು ಅದು, ಉಸಿರು ಹಿಡೀರಿ. ಕೇಸ್ ಹಿಡಿದು ಹಿಂದೆ ನಿಂತವಳು ಅದನ್ನು ಕೇಳಿಸಿಕೊಂಡಿದ್ದಳೇ ಹೊರತು ಅವಳಿಗೆ ಯಾರೂ ಹೇಳಿರಲಿಲ್ಲ.

ಬೆರಳು ತೆಗೆದೆ.

"ಇದರಾಗ ಜಿಲೆಟಿನ್ ಐತಿ," ಎಂದೆ, ತಲೆ ಎತ್ತದೆ.

"ಏನಂದಿ?"

"ಫಿಲ್ಮಿನ ಮ್ಯಾಲ. ದನದ ಎಲಬಿನ ಅಂಟು. ಹೋದ ವಾರ ಗೊತ್ತಾತು. ಪ್ರಿಂಟ್ ಹಾಕೂ ಪೇಪರಿನಾಗೂ ಐತಿ."

ಗಾಜಿನಲ್ಲಿ ಅವಳ ಮುಖ ಅಲುಗಲಿಲ್ಲ. "ನೀ ಕಾನ್ವೆಂಟಿನ್ಯಾಗ ತಿಂದಿದ್ದಿಯಲ್ಲ, ಕೆಂಪಂದು. ಅದ?"

"ಅದ."

ಅವಳು ಮಡಿಲಿನ ಅಕ್ಕಿಯನ್ನು ನೋಡಿದಳು. ಗೋಡೆಯ ಹತ್ತಿರದಿಂದ ಅವಳ ಮಗ ಮುಂದೆ ಬಂದ.

"ಅವ್ವಾ, ಫಿಲ್ಮ್ ಆಗ್ಲೇ ತಯಾರಾಗೇತಿ. ನೀ ಕುಂತ್ರೂ ಅಷ್ಟ, ಎದ್ರೂ ಅಷ್ಟ. ಸತ್ತ ದನ ತಿರಗಿ ಬರತೈತೇನು?"

"ಕಸಾಯಿ ಅಂಗಡ್ಯಾಗ ತೂಗಹಾಕಿದ್ದನ್ನ ಕೊಳ್ಳಾಂವೂ ಹಂಗ ಅಂತಾನಪಾ."

"ಬಸದ್ಯಾಗ ಮುನಿ ಮಹಾರಾಜರ ಫೋಟೋ ಅದಾವಲ್ಲ, ಹಳೇವು? ದಿನಾ ಕೈಮುಗೀತಿ. ಅವೇನು ಗಾಳಿ ಮ್ಯಾಲ ಬಂದಾವೇನು?"

ಅವಳಿಗೆ ಕಷ್ಟವಾಯಿತೆಂದು ನನಗೆ ಕಂಡಿತು. "ತಗದಾಂವಗ ಗೊತ್ತಿರಲಿಲ್ಲ, ಕುಂತವರಿಗೂ ಗೊತ್ತಿರಲಿಲ್ಲ," ಎಂದಳು ಆಮೇಲೆ. "ನನಗ ಗೊತ್ತಾತಲ್ಲೋ. ಗೊತ್ತಾದ ಮ್ಯಾಲ ಹ್ಯಾಂಗ ಕುಂದ್ರಲಿ? ನಾಳಿ ಗುರುಗಳ ಮುಂದ ಎಲ್ಲಾ ಬಿಡತೀನಿ ಅಂತ ಹೇಳಾಕಿ, ಇವತ್ತ ಇದಕ್ಕ ನಕ್ಕೊಂತ ಕುಂದ್ರಲೇನು?"

ಅವನು ನನ್ನ ಕಡೆ ತಿರುಗಿದ. ದನಿ ಏರಿಸಲಿಲ್ಲ. "ಒಂದ ನಿಮಿಷ ಸುಮ್ಮಕ ಇದ್ದಿದ್ರ ಆಗತಿತ್ತಲ್ರಿ ಮಾವಶಿ. ಒಂದ ನಿಮಿಷ." ಎಂದವನೇ ಒಳಗೆ ಹೋದ. ಒಳಗೆ ಏನೋ ತಾಮ್ರದ ಪಾತ್ರೆ ಬಿದ್ದ ಸದ್ದು.

ನಾನು ಹುಡ್ ಮುಚ್ಚಲು ಕೈ ಹಾಕಿದೆ. ಕಣ್ಣು ಕಾಣುತ್ತಿರಲಿಲ್ಲ. ಆಪರೇಷನ್ ಆದ ಕಣ್ಣು ಅಳಬಾರದು ಎಂದು ಡಾಕ್ಟರು ಹೇಳಿರಲಿಲ್ಲ, ಆದರೂ ಒರೆಸಿಕೊಂಡೆ.

"ತಡಿ," ಎಂದಳು ತಂಗಿ. "ಒಳಗಿಂದ ತಗದಬಿಟ್ರ, ನಿನಗ ಆ ಗಾಜಿನಾಗ ಕಾಣೂದು ಕಾಣತೈತೇನು?"

"ಕಾಣತೈತಿ. ಉಳಿಯೂದಿಲ್ಲ."

"ಉಳೀದಿದ್ರ ಬಿಡು. ತಗಿ ಅದನ್ನ."

ಈ ಕ್ಯಾಮೆರಾದಲ್ಲಿ ತುಂಬಿಸಿದ ಫಿಲ್ಮನ್ನು ಅರ್ಧಕ್ಕೆ ತೆಗೆಯಲು ಬರುವುದಿಲ್ಲ. ಕೊನೆಯವರೆಗೆ ಸುತ್ತಬೇಕು. ನಾನು ಗುಂಡಿ ತಿರುಗಿಸತೊಡಗಿದೆ. ಕೆಂಪು ಕಿಟಕಿಯಲ್ಲಿ ಅಂಕಿಗಳು ಒಂದೊಂದಾಗಿ ಬಂದು, ಏನನ್ನೂ ಹಿಡಿಯದೆ ಹಾದುಹೋದವು. ಬಿಸಿಲು ಗೋಡೆಯ ತುದಿಗೆ ಏರಿತು. ಕೊನೆಗೆ ಕಾಗದ ಸಡಿಲಾದ ಸದ್ದು. ಹಿಂಬದಿ ತೆರೆದು ರೋಲನ್ನು ಸೊಸೆಯ ಕೈಗೆ ಕೊಟ್ಟೆ. ಅವಳು ಅದನ್ನು ಕಾರಿನಲ್ಲಿಟ್ಟು ಬಂದಳು.

ಈಗ ಕ್ಯಾಮೆರಾ ಖಾಲಿ. ಮತ್ತೆ ಬಾಗಿದೆ. ತಂಗಿ ಕೂತಿದ್ದಳು. "ಉಸರ ಹಿಡಿ," ಎಂದೆ. ಹಿಡಿದಳು. ಒತ್ತಿದೆ. ಹುಳ ಹಾರಿದಷ್ಟು ಸಣ್ಣ ಸದ್ದು. ಆಮೇಲೆ ಎಷ್ಟು ಹೊತ್ತು ಹಾಗೇ ನೋಡುತ್ತ ನಿಂತೆನೋ ತಿಳಿಯದು. ಉಳಿಯುವುದಿಲ್ಲ ಎಂದು ಗೊತ್ತಿದ್ದರೆ ಕಣ್ಣು ಬೇರೆ ಥರ ನೋಡುತ್ತದೆ. ಸ್ಟೀಲ್ ಡಬ್ಬಿಯ ಬುಡ ಕೆರೆಯುವ ಹಾಗೆ.

"ಸಾಕು. ಈಗ ನೀ ಕುಂದ್ರು," ಎಂದು ಅವಳು ಎದ್ದಳು. ಮಡಿಲಿನದನ್ನು ಕಟ್ಟೆಯ ಮೇಲೆ ಸುರಿದು ಬಂದು ಕ್ಯಾಮೆರಾದ ಹಿಂದೆ ನಿಂತಳು. "ಅಪ್ಪ ನನಗೊಮ್ಮಿನೂ ಇದರಾಗ ನೋಡಾಕ ಕೊಟ್ಟಿಲ್ಲ. ಬೀಳಸ್ತೀ ಅಂತಿದ್ದ."

"ಬೀಳಸ್ತಿದ್ದಿ."

"ಈಗ ಬೀಳಸೂದಿಲ್ಲ ನಡಿ." ಬಾಗಿದಳು. ಅವಳ ಬಿಳಿ ನೆತ್ತಿ, ನೇರ ಬೈತಲೆ ನನಗೆ ಕಂಡಿತು. "ಏನೂ ಕಾಣವಲ್ಲದು. ಹೊಗಿ ಹಂಗ ಐತಿ."

"ಬಾಜೂಕಿನ ಗುಂಡಿ ತಿರಿವು."

ತಿರುಗಿಸಿದಳು. ಅತ್ತ, ಇತ್ತ. ಆಮೇಲೆ ಅವಳ ಕೈ ನಿಂತಿತು. "ಬಂತು," ಎಂದಳು. ನಾನೂ ಉಸಿರು ಹಿಡಿದೆ. "ಅಕ್ಕಾ, ನೀ ಥೇಟ್ ಅಜ್ಜಿ ಆಗೀದಿ. ಆಕಿ ಉಪವಾಸ ಕುಂತಾಗ ಹಿಂಗ ಕಾಣತಿದ್ಲು." ಇನ್ನೂ ಸ್ವಲ್ಪ ನೋಡಿ, ತಲೆ ಎತ್ತದೆಯೇ ಒಳಗಿನ ಕಡೆ ಕೂಗಿದಳು. "ಬಾರಪಾ ಇಲ್ಲಿ. ಮಾವಶಿ ಬಾಜೂಕ ನಿಂದ್ರು."

ಅವನು ಬರಲಿಲ್ಲ. ಅವಳು ಮತ್ತೊಮ್ಮೆ ಕೂಗಲಿಲ್ಲ, ಬಾಗಿದವಳು ಬಾಗಿಯೇ ಇದ್ದಳು. ಗೋಡೆಯ ಮೇಲಿನ ಬಿಸಿಲು ಈಗ ಒಂದು ಗೆರೆಯಷ್ಟೇ. ಸೊಸೆ ಅಂಗಳದ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದಳು. ಕೊನೆಗೆ ಅವನು ಬಂದ. ಕೈ ಒದ್ದೆಯಾಗಿತ್ತು, ಬಿದ್ದ ಕೊಡದ ನೀರು ಒರೆಸಿದ್ದನೇನೋ. ನನ್ನ ಪಕ್ಕದಲ್ಲಿ ಅಪರಾಧಿಯ ಹಾಗೆ ನಿಂತ.

"ಈ ಕಡೆ ಸರಿ. ಅಲ್ಲ, ಆ ಕಡೆ. ಎಲ್ಲಾ ಉಲ್ಟಾ ಐತಿದರಾಗ." ಅವನು ಸರಿದ. ಅವಳು ಅವನನ್ನು ನೋಡಿದಳು. ಮಕ್ಕಳನ್ನು ಮುಟ್ಟಿ ಮುದ್ದಾಡುವ ಹೆಂಗಸಲ್ಲ ಅವಳು. ವ್ರತ ಹಿಡಿದ ಮೇಲಂತೂ ಮನೆಯಲ್ಲೇ ಮನೆಯವರಿಂದ ಒಂದು ಮಾರು ದೂರ ಉಳಿದವಳು. ಆ ಗಾಜಿನಲ್ಲಿ ಅವಳಿಗೆ ಅವನು ಎಷ್ಟು ದೊಡ್ಡವನಾಗಿ ಕಂಡನೋ ಗೊತ್ತಿಲ್ಲ. ಅವಳ ಬೆರಳು ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿ, ಮತ್ತೆ ವಾಪಸು ತಂದಿತು.

"ನಾನೂ ನೋಡ್ತೀನಿ," ಎಂದ ಅವನು.

ಅವಳು ಕಟ್ಟೆಗೆ ಹೋಗಿ ಕೂತಳು. ಅವನು ಎತ್ತರದ ಆಳು, ಬಹಳ ಬಾಗಬೇಕಾಯಿತು. ನಾನು ಏನೂ ಹೇಳಿಕೊಡಲಿಲ್ಲ. ಅವನೇ ಗುಂಡಿ ಹುಡುಕಿಕೊಂಡ. ಅಂಗಳ ನೆರಳಾದಷ್ಟೂ ಆ ಗಾಜು ಇನ್ನೂ ಕತ್ತಲಾಗಿ ಕಾಣುತ್ತದೆ; ಆದರೂ ಅವನು ತಲೆ ಎತ್ತಲಿಲ್ಲ. ಅವಳೂ ಅಲುಗಲಿಲ್ಲ. ಸಾಮಾಯಿಕದ ಹೊತ್ತು ಬಂದಿತ್ತು, ಅವಳಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ನಾನು ಬಾಯಿ ಬಿಡಲಿಲ್ಲ.

"ಕಾಣವಲ್ಲದಿನ್ನ," ಎಂದು ಅವನು ತಲೆ ಎತ್ತಿದ ಮೇಲೆ ಅವಳು ಎದ್ದು ಒಳಗೆ ಹೋಗಿ, ಗೋಡೆಯ ಕಡೆ ಮುಖ ಮಾಡಿ ಕೂತಳು.

ಮರುದಿನ ಜೀಪು ಬಂತು. ದೀಕ್ಷೆಯ ಪೆಂಡಾಲಿನಲ್ಲಿ ನೋಡಿದ ಕಡೆಯೆಲ್ಲ ಮೊಬೈಲುಗಳು ಎದ್ದು ನಿಂತಿದ್ದವು. ಕೂದಲು ಕೀಳುವಾಗ, ಪಿಂಛಿ ಕೊಡುವಾಗ, ಹೊಸ ಹೆಸರು ಕೂಗಿದಾಗ, ಎಲ್ಲವನ್ನೂ ಎಲ್ಲರೂ ಹಿಡಿದುಕೊಂಡರು. ಅದನ್ನು ಬೇಡವೆನ್ನುವ ಹಕ್ಕೂ ಅವಳಿಗೆ ಆಗ ಉಳಿದಿರಲಿಲ್ಲ. ನಮ್ಮ ಸೊಸೆಯ ಫೋನಿನಲ್ಲಿವೆ, ಅವಳ ಮಗನ ಫೋನಿನಲ್ಲಿಯೂ ಇವೆ.

ನಾನು ಈಗಲೂ ಕ್ಯಾಮೆರಾ ತೆಗೆಯುತ್ತೇನೆ. ಸಂಜೆ ಮಾಳಿಗೆಗೆ ಹೋಗಿ ಹುಡ್ ತೆರೆದು, ನಿಪ್ಪಾಣಿಯ ತಗಡಿನ ಸೂರುಗಳನ್ನು, ಒಣಹಾಕಿದ ಸೀರೆಗಳನ್ನು ಬಾಗಿ ನೋಡುತ್ತೇನೆ. ಫ್ರಿಜ್ಜಿನಲ್ಲಿ ಇನ್ನೊಂದು ರೋಲು ಹಾಗೇ ಇದೆ. ತುಂಬಿಸಿಲ್ಲ, ಎಸೆದೂ ಇಲ್ಲ. ಮೊಸರಿನ ಪಕ್ಕದಿಂದ ಮಾತ್ರ ತೆಗೆದು ಮೇಲಿನ ಅರೆಯಲ್ಲಿ ಇಟ್ಟಿದ್ದೇನೆ.

ಹೋದ ತಿಂಗಳು ದಿಗ್ಗೇವಾಡಿಗೆ ಹೋಗಿದ್ದೆ. ಅವಳ ಮಗ ಚಹಾದ ಹೊತ್ತಿನಲ್ಲಿ ಫೋನ್ ತೆಗೆದು ದೀಕ್ಷೆಯ ಫೋಟೋಗಳನ್ನು ತೋರಿಸಿದ. ಚೆನ್ನಾಗಿ ಬಂದಿದ್ದವು. ಒಂದನ್ನು ದೊಡ್ಡದು ಮಾಡಿಸಿ ಹಾಕಬಾರದೇನು ಎಂದು ಕೇಳಿದೆ.

"ಇವು ಮಾತಾಜಿಯವರವು ಮಾವಶಿ," ಎಂದ. "ಬಸದ್ಯಾಗ ಹಾಕ್ಯಾರ. ಮನ್ಯಾಗ ಹಾಕೂದು ಅವ್ವಂದು."

ಪಡಸಾಲೆಯ ಗೋಡೆಯ ಕಡೆ ನೋಡಿದೆ. ಅವನು ಹೊಡೆದ ಮೊಳೆ ಅಲ್ಲೇ ಇತ್ತು. ನೀರಿನ ಹುಳ ಸಾಯಬಾರದೆಂದು ಅವಳು ದಿನಾ ನೀರು ಸೋಸುತ್ತಿದ್ದ ಬಿಳಿ ಅರಿವೆಯನ್ನು ಅದಕ್ಕೆ ತೂಗುಹಾಕಿದ್ದರು. ಬೆಳಿಗ್ಗೆ ಯಾರೋ ಅದರಲ್ಲಿ ನೀರು ಸೋಸಿದ್ದರು, ಇನ್ನೂ ಹನಿಯುತ್ತಿತ್ತು.